ಗಿಳಿಯ ಹಿಂದಿನ ಬೆಣೆ

ಸಿಂಧಘಟ್ಟ,
೧೪ ನವೆಂಬರ್ ೨೦೨೪

ಸಭಿಕರೇ, ಮಹನೀಯರೇ, ಹಿಂದೆ ನಿಂತವರೂ ಕೇಳಿ!

ನಾಟಕದ ಪರದೆ ಎದ್ದ ಕೂಡಲೇ ನಾನು ಕೂಗುತ್ತಿದ್ದುದು ಹೀಗೆ. ಮೈಕಿಲ್ಲದೆ ಕೆರೆಯಾಚೆಗೂ ಕೇಳುತ್ತಿತ್ತು. ಇವತ್ತಿನ ಸಭೆಯಲ್ಲಿ ನೀನೊಬ್ಬನೇ, ಮಗನೇ ಶಶಾಂಕ. ಫೋನು ಎತ್ತುವುದಿಲ್ಲ, ಅದಕ್ಕೇ ಕಾಗದ. ಆರೋಗ್ಯವಾಗಿದ್ದೀಯಾ? ಮೈಸೂರಿನ ಮರಗೆಲಸದಲ್ಲಿ ಬೆನ್ನು ಹಿಡಿದಿದೆ ಎಂದಿದ್ದೆ. ನಿಮ್ಮಮ್ಮ ಎಳ್ಳೆಣ್ಣೆ ಕಾಯಿಸಿಟ್ಟಿದ್ದಾಳೆ.

ಊರ ಸುದ್ದಿ ಕೇಳು. ಎಣ್ಣೆ ಮಿಲ್ಲಿನ ಸಾಹುಕಾರರ ಬಂಗಲೆಯ ಮುಂಬಾಗಿಲು ಹೋಯಿತು! ಮಿಲ್ಲು ಮುಳುಗಿ, ಸೂರು ಕುಸಿದು, ಬಾವಲಿಗಳ ಪಾಲಾದ ಆ ಮನೆಯಲ್ಲಿ ಮಾನವಾಗಿ ನಿಂತಿದ್ದದ್ದು ಅದೊಂದೇ, ನಿನ್ನ ತಾತ ಕೆತ್ತಿದ ತೇಗದ ಬಾಗಿಲು. ಅದರ ಮುಂದಿನ ಜಗುಲಿಯಲ್ಲೇ ನಾನು ಬಣ್ಣ ಹಚ್ಚಿ ಗದೆ ಹಿಡಿದು ಬೆಳೆದದ್ದು. ಈಗ ರಸ್ತೆಯಲ್ಲಿ ನಿಂತರೆ ಹಿತ್ತಲಿನ ಎಕ್ಕದ ಗಿಡ ಕಾಣುತ್ತದೆ. ಕಾವಲುಗಾರ ದೊಡ್ಡಬೀರಯ್ಯನನ್ನು ಪೊಲೀಸರು ಜೀಪು ಹತ್ತಿಸಿದರು. “ನನ್ ಗುಡ್ಲಿಗೇ ಕದ ಇಲ್ಲ ಕಣ್ ಸೋಮಿ, ಗೋಣಿಚೀಲ ಕಟ್ಟಿವ್ನಿ. ಕದ್ದಿದ್ರೆ ಅಲ್ಲಿಗಾದ್ರೂ ಆಕ್ಕೋತಿರ್ಲಿಲ್ವಾ?” ಎಂದ. ಜನ ನಕ್ಕರು. ಅವನೂ ನಗಲು ನೋಡಿದ, ಆಗಲಿಲ್ಲ.

ನಾನು ಹೋಗಿ ಗೋಡೆ ಸವರಿದೆ. ಚೌಕಟ್ಟು ಸಮೇತ ಹೋಗಿದೆ, ಆದರೆ ಗಾರೆ ಉದುರಿಲ್ಲ, ಗರಗಸದ ಪುಡಿಯಿಲ್ಲ. ಮೊಳೆಯಿಲ್ಲದ ಆ ಚೌಕಟ್ಟನ್ನು ಹಿಡಿದಿದ್ದದ್ದು ಕೆತ್ತನೆಯ ಗಿಳಿಯ ಹಿಂದೆ ಅಡಗಿಸಿದ ಒಂದೇ ಬೆಣೆ. ಅದು ಗೊತ್ತಿದ್ದದ್ದು ನಮ್ಮ ಮನೆಗೆ ಮಾತ್ರ. ಆಯುಧಪೂಜೆಗೆ ಉಳಿ, ಕೊಡತಿಗಳ ಜೊತೆ ಆ ಬಾಗಿಲಿಗೂ ಕುಂಕುಮ ಇಡುವುದು ನಮ್ಮ ಪದ್ಧತಿ. ಈ ಸಲ ನೀನೇ ಇಟ್ಟೆ. ಕೆ.ಆರ್.ಎಸ್. ಕಡೆ ಯಾವುದೋ ರೆಸಾರ್ಟಿನವರು ಹಳೇ ಬಾಗಿಲು ಹುಡುಕುತ್ತಿದ್ದಾರೆ ಎಂದೂ ನೀನೇ ಹೇಳಿದೆ. ಆಮೇಲೆ, “ಅಪ್ಪಯ್ಯ, ಬೆಣೇನ ಯಾವ್ ಕಡೆಯಿಂದ ತಟ್ಬೇಕು?” ಅಂದೆ. ಕೊನೆಗೂ ಮಗನಿಗೆ ಕಸುಬಿನ ಮೇಲೆ ಮನಸ್ಸು ಬಂತೆಂದು ಎದೆಯುಬ್ಬಿಸಿ ತೋರಿಸಿಕೊಟ್ಟೆನಲ್ಲೋ! ರಂಗದ ಮೇಲೆ ಎಷ್ಟು ದ್ರೋಹಿಗಳನ್ನು ಗದೆಯಿಂದ ಕೆಡವಿಲ್ಲ ನಾನು! ಪಕ್ಕದಲ್ಲಿ ಕೂತು ಹೋಳಿಗೆ ತಿಂದವನ ಗುರುತು ಹತ್ತಲಿಲ್ಲ.

ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಒಳ್ಳೆಯದಾಗಲಿ ಎಂದು ಬರೆಯಲು ಕೈ ಬರುತ್ತಿಲ್ಲ. ಬುದ್ಧಿ ಬರಲಿ ಎಂದು ಹರಸುತ್ತೇನೆ.

ನಿನ್ನ ಅಪ್ಪ,
ರಾಮಚಂದ್ರಾಚಾರಿ

ಮರೆತಿದ್ದೆ: ಬೆಣೆ ಎಕ್ಕದ ಬುಡದಲ್ಲಿ ಸಿಕ್ಕಿತು, ನನ್ನ ಜೇಬಿನಲ್ಲಿದೆ. ದೊಡ್ಡಬೀರಯ್ಯನ ಹೆಂಡತಿ ಇಂದ್ರಮ್ಮ ಠಾಣೆಯ ಮುಂದೆಯೇ ಕೂತಿದ್ದಾಳೆ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಎಲ್ಲಾ ಮುಗಿದಿರುತ್ತದೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೋಗಿ, ಬೆಣೆಯನ್ನು ಇನ್‌ಸ್ಪೆಕ್ಟರರ ಮೇಜಿನ ಮೇಲಿಟ್ಟು ನಿನ್ನ ಹೆಸರು ಹೇಳುತ್ತೇನೆ. ಕೂಗುವುದಿಲ್ಲ, ಅವರಿಗೊಬ್ಬರಿಗೆ ಕೇಳಿಸುವಷ್ಟು, ಮೆಲ್ಲಗೆ.