ಅಳೆಯದ ಚೌಕಕ್ಕೆ ಬರೆದ ಸೊನ್ನೆ

ಕರೆಹಳ್ಳ ಕ್ಯಾಂಪ್, ಆಷಾಢ ಬಹುಳ ದಶಮಿ, ಇಸವಿ ೨೨೬೧

ನಕ್ಷೆ ಮಾಡಿದವರೇ,

ನೀವು ಅಳೆಯದ ಜಾಗಕ್ಕೆ ಸೊನ್ನೆ ಬರೆದಿರಿ. ಆ ಸೊನ್ನೆಯನ್ನು ನಾವು ಕುಡಿಯುತ್ತಿದ್ದೇವೆ.

ನಾನು ಹುಲಿಗೆಮ್ಮ, ವಯಸ್ಸು ಹತ್ತೊಂಬತ್ತು. ನಿಮ್ಮ ಕಾಲದ ಹರಿದ ಕರಪತ್ರಗಳನ್ನು ಓದಿ ನಿಮ್ಮ ಕನ್ನಡ ಕಲಿತವಳು. ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಬೇರೆ ಯಾವುದಕ್ಕೂ ಕ್ಷಮೆ ಕೇಳುವುದಿಲ್ಲ.

ನಿಮ್ಮ ಕಂಪ್ಯೂಟರ್ ನಕ್ಷೆಯನ್ನು ನಾವು ನೆಲಪಟ ಎನ್ನುತ್ತೇವೆ. ಇಳಿಜಾರು, ಮಳೆ, ಮಣ್ಣು, ಬೆಳೆ, ಹೊಲಕ್ಕೆ ಚೆಲ್ಲಿದ ಗೊಬ್ಬರ, ಒಂದೊಂದೂ ಒಂದೊಂದು ಪದರ. ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ನೆಲವನ್ನು ಚೌಕ ಚೌಕವಾಗಿ ಕತ್ತರಿಸಿ, ಯಾವ ಚೌಕದಿಂದ ಎಷ್ಟು ವಿಷ ಹಳ್ಳಕ್ಕೆ ಇಳಿಯುತ್ತದೆಂದು ಲೆಕ್ಕ ಹಾಕಿದಿರಿ. ಒಳ್ಳೆಯ ವಿದ್ಯೆ. ಕೊಳವೆಯಿಂದ ಸುರಿಯುವ ವಿಷ ಕಣ್ಣಿಗೇ ಕಾಣುತ್ತದೆ. ಸಾವಿರ ಗದ್ದೆಗಳಿಂದ ಚೂರು ಚೂರೇ ಜಿನುಗುವ ವಿಷವನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿ ನಮಗೂ ಗೊತ್ತಿಲ್ಲ. ಆದರೆ ನಮ್ಮ ಕ್ಯಾಂಪಿನ ಚೌಕಕ್ಕೆ ನೀವು ಬರಲೇ ಇಲ್ಲ. ಶ್ರಾವಣದ ಎರೆಮಣ್ಣಿನ ಕೆಸರಿಗೆ ನಿಮ್ಮ ಜೀಪು ಹೆದರಿತು. 'ಅಳೆದಿಲ್ಲ' ಎಂದು ಬರೆಯಬೇಕಿದ್ದಲ್ಲಿ ಸೊನ್ನೆ ಬರೆದಿರಿ, ಸೊನ್ನೆಗೆ ಬಿಳಿ ಬಣ್ಣ ಬಳಿದಿರಿ.

ಇಲ್ಲಿ ಈಗ ಕಾಯಿದೆ ಹೀಗಿದೆ: ಬಿಳಿ ಚೌಕದಲ್ಲಿ ಮಾತ್ರ ಕುಡಿಯುವ ಬಾವಿ. ನಮ್ಮ ಬಾವಿ ಬಂದದ್ದೂ ಹಾಗೆಯೇ. ಗದ್ದೆಯ ಯೂರಿಯಾ ಇಳಿದ ಆ ನೀರಲ್ಲಿ ಕಲಸಿದ ಹಾಲು ಕುಡಿದು ನನ್ನ ಅಕ್ಕ ಈರಮ್ಮನ ಮೊದಲ ಕೂಸು ತುಟಿ ನೀಲಿಯಾಗಿ ಸತ್ತಿತು. ಅಕ್ಕ ಈಗ ಮತ್ತೆ ಏಳು ತಿಂಗಳ ಬಸುರಿ.

ನಾನೇ ನೀರು ಅಳೆದೆ, ವಿಷ ಸಿಕ್ಕಿತು. ಬಾಟಲಿ ಹಿಡಿದು ನೀರುಸಭೆಗೆ ಹೋದರೆ ಹಿರಿಯಳು ಅಯ್ಯಮ್ಮ ನಕ್ಕಳು. "ಏ ಕರಪತ್ರದ ಹುಡುಗಿ, ಇನ್ನೂರು ವರ್ಷದ ನೆಲಪಟ ಸುಳ್ಳು, ನಿನ್ನ ಒಂದು ಬಾಟ್ಲಿ ಖರೇ ಏನು?"

ಅಕ್ಕ ಹೊಟ್ಟೆ ಹಿಡಿದು ಎದ್ದು ನಿಂತಳು. "ಹಂಗಾದ್ರ ನಿನ್ನ ಮೊಮ್ಮಗಳ ಹಾಲಿಗೆ ಇದನ್ನ ಹಾಕು, ಯವ್ವಾ."

ಅಯ್ಯಮ್ಮ ಬಾಟಲಿ ಮುಟ್ಟಲಿಲ್ಲ. ಅದೇ ಚೌಕದಲ್ಲಿ ಎರಡನೇ ಬಾವಿಗೆ ಅಪ್ಪಣೆ ಮಾತ್ರ ಕೊಟ್ಟಳು.

ಬಾವಿ ತೋಡುವ ಯಂತ್ರ ಶ್ರಾವಣದ ಮೊದಲ ಬುಧವಾರ ಬರುತ್ತದೆ. ನಾನು ಅದರ ಮುಂದೆ ಕೂರುತ್ತೇನೆ, ಏಳುವುದಿಲ್ಲ. ಅದು ನನ್ನ ಕೆಲಸ. ನಿಮ್ಮ ಕೆಲಸ ನಿಮ್ಮ ಕಾಲದಲ್ಲಿದೆ. ಅಲ್ಲಿ ನಿಮ್ಮ ನಕ್ಷೆ ಇನ್ನೂ ಕಾಯಿದೆಯಾಗಿಲ್ಲ. ಬನ್ನಿ, ಒಂದು ಬಾಟಲಿ ತುಂಬಿಕೊಳ್ಳಿ, ಅಳೆಯಿರಿ, ಇದ್ದದ್ದನ್ನು ಬರೆಯಿರಿ. ಜೀಪು ಹೂತರೆ ಇಳಿದು ನಡೆಯಿರಿ. ನಾವು ದಿನಾ ನಡೆಯುತ್ತೇವೆ.

ಕರೆಹಳ್ಳದ ಕಲ್ಲಿನ ತೂಬು ನಿಮ್ಮ ಕಾಲದಲ್ಲೂ ಇತ್ತು, ಈಗಲೂ ಇದೆ. ಅದರ ಬಲಗಡೆಯೇ ಎರಡನೇ ಬಾವಿಯ ಜಾಗ. ಅಲ್ಲಿ ನಿಂತುಕೊಳ್ಳಿ, ನಾನೂ ಅಲ್ಲೇ ಇರುತ್ತೇನೆ. ನಿಮ್ಮ ಶ್ರಾವಣದ ಮೊದಲ ಬುಧವಾರ, ಬೆಳಿಗ್ಗೆ ಆರು ಗಂಟೆಗೆ.