ರಕ್ಷಿತಾಳ ಬೆಕ್ಕು

ಹಣಕೋಣ

ಮೇಲ್ವಿಚಾರಕಿ ವಸುಮತಿ ಮೇಡಂ ಅವರಿಗೆ ಅಂಗನವಾಡಿಯ ನಮಿತಾಳ ನಮಸ್ಕಾರ.

ಮಕ್ಕಳ ಬೆಳವಣಿಗೆ ಅಳೆಯಲು ಬಂದ ದಿನ ನೀವು ಬೆಕ್ಕಿನ ಚಿತ್ರ ತೋರಿಸಿದಿರಿ. ಮೂರು ವರ್ಷದ ರಕ್ಷಿತಾ ‘ಮಾಜರ’ ಎಂದಳು. ಕೊಂಕಣಿಯಲ್ಲಿ ಬೆಕ್ಕಿಗೆ ಹಾಗೇ ಅನ್ನುವುದು. ಕೊಂಕಣಿ ತಿಳಿಯದ ನೀವು ‘ಮಾತು ಬಾರದ ಮಗು’ ಎಂದು ಎಲ್ಲರೆದುರು ಹೇಳಿ ಬರೆದುಕೊಂಡಿರಿ. ನನ್ನ ಮನೆಮಾತೂ ಕೊಂಕಣಿಯೇ. ಆದರೂ ಕೆಲಸ ಹೋದೀತೆಂದು ಹೆದರಿ ನಿಮ್ಮ ವರದಿಗೆ ಸಹಿ ಹಾಕಿದೆ.

ಅಂದಿನಿಂದ ಮಕ್ಕಳು ಅವಳನ್ನು ‘ಮೂಕಿ’ ಅನ್ನುತ್ತಾರೆ. ತಾಯಿ ಸುಗಂಧಾ ಬಂದು, “ಅಕ್ಕೋರೆ, ಈಗ ಮನೇಲೂ ಬಾಯಿ ಬಿಡೂದಿಲ್ಲ ಇದು. ಎಂಥ ಕಲಿಸಿದ್ರಿ ನೀವು?” ಎಂದು ಕೇಳಿದಳು.

ಮಗುವಿನ ಬಾಯಿ ಹೊಲಿದವರು ನಾವಿಬ್ಬರು. ನೀವೇ ಬಂದು, ಮಕ್ಕಳೆದುರೇ, ಆ ವರದಿ ಹೊಡೆದುಹಾಕಿ.

ನಿನ್ನೆ ಅದೇ ಚಿತ್ರ ಹಿಡಿದು ನಾನು ‘ಮಾಜರ’ ಎಂದೆ. ರಕ್ಷಿತಾ ಓಡಿಬಂದು ನನ್ನ ಬಾಯಿ ಮುಚ್ಚಿದಳು.

ತಪ್ಪಿನ ಪಾಲುಗಾರ್ತಿ,
ನಮಿತಾ