ಅಟ್ಟದಿಂದ ಬೇಗ ಇಳಿಸಿದ ಹಾಡುಗಳು

ದಂಡಿನಶಿವರ
12 ನವೆಂಬರ್ 2024

ಪ್ರೀತಿಯ ಶಶಿ,

ನನ್ನ ಕೈಬರಹ ಕಂಡ ಕೂಡಲೇ ಹರಿದು ಹಾಕಬೇಡ. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಭೀಮರಾಜು ಹುಳಿಯಾರಿಗೆ ಹುಡುಕಿಕೊಂಡು ಬಂದರೆ, ಮನೆಯೊಳಗೇ ಕೂತು ಇಲ್ಲ ಅಂತ ಹೇಳಿಸಿದ್ದೀಯ. ಡ್ರಮ್ಮು ಬಾರಿಸುವವನು ನಿನಗೇನು ಮಾಡಿದ್ದ? ಈ ಕಾಗದವನ್ನೂ ಅವನ ಕೈಲೇ ಕಳಿಸುತ್ತಿದ್ದೇನೆ, ಬಾಗಿಲ ಸಂದಿಯಲ್ಲಿ ತೂರಿಸಿ ಬರುತ್ತಾನೆ.

ನಮ್ಮ ‘ಒಣಗರಿ’ ಬ್ಯಾಂಡಿನ ಹದಿನಾಲ್ಕನೇ ಆಲ್ಬಂ ಬಂದು ಇವತ್ತಿಗೆ ಇಪ್ಪತ್ತು ದಿನ. ಬೆಂಗಳೂರಿನ ಆ ವಿಮರ್ಶಕ ಬರೆದದ್ದನ್ನು ನೀನು ಓದಿದ್ದೀಯ ಅಂತ ಗೊತ್ತು. ಆರು ವರ್ಷಕ್ಕೆ ಹದಿನಾಲ್ಕು ಆಲ್ಬಂ ಮಾಡುವವರಿಗೆ ಹೆತ್ತವಳ ಸಾವೂ ಒಂದು ಸರಕು ಅಂದ. ಗಾಯಕಿ, ಅಂದರೆ ನಾನು, ಬೇಕಂತಲೇ ದನಿ ಒಡೆದುಕೊಂಡು ದುಃಖದ ನಾಟಕ ಆಡಿದ್ದಾಳೆ ಅಂದ. ಈ ಬ್ಯಾಂಡು ಒಂದು ವರ್ಷ ಬಾಯಿ ಮುಚ್ಚಿಕೊಂಡಿದ್ದರೆ ಉಪಕಾರವಾದೀತು ಅಂತ ಮುಗಿಸಿದ. ನಮ್ಮ ಅಭಿಮಾನಿಗಳೇನು ಕಡಿಮೆಯೇ? ಮೊದಲ ಮೂರು ಆಲ್ಬಂನ ಒಣಗರಿ ಸತ್ತುಹೋಯಿತು ಅಂತ ಒಬ್ಬ. ಅಕ್ಕ, ಶೀತ ಆಗಿದ್ರೆ ಮೆಣಸಿನ ಕಷಾಯ ಕುಡೀರಿ ಅಂತ ದಬ್ಬೇಘಟ್ಟದವಳೊಬ್ಬಳು. ಅದಕ್ಕೆ ನಾನೂರು ಜನ ನಕ್ಕಿದ್ದಾರೆ. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ತಪ್ಪು ನನ್ನದೇ. ನಮ್ಮಜ್ಜಿ ಪುಟ್ಟಗೌರಮ್ಮನ ಅಟ್ಟವೇ ನಮ್ಮ ಕಟ್ಟಳೆಯಾಗಿತ್ತು. ರೆಕಾರ್ಡ್ ಆದ ಹಾಡು ಹಾರ್ಡ್ ಡಿಸ್ಕಿನಲ್ಲಿ, ಡಿಸ್ಕು ಅಟ್ಟದ ಮೇಲೆ ಕೊಬ್ಬರಿಗಿಟ್ಟ ಕಾಯಿಗಳ ಪಕ್ಕದಲ್ಲಿ. ಹನ್ನೊಂದು ತಿಂಗಳು ಕಳೆದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿ ಒಳಗೆ ಉರುಳುವ ಸದ್ದು ಬಂದಾಗ ಕಾಯಿ ಇಳಿಸುತ್ತಿದ್ದರು, ನಾವು ಹಾಡು ಇಳಿಸುತ್ತಿದ್ದೆವು. ಮೂವರೂ ಕೂತು ಕೇಳಿ, ಇನ್ನೂ ಹಿಡಿಸಿದ್ದು ಮಾತ್ರ ಹೊರಗೆ. ಹದಿಮೂರು ಆಲ್ಬಂ ಹಾಗೆಯೇ ಬಂದವು.

ನಿಮ್ಮವ್ವ ಮುದ್ದಕ್ಕನ ಮೇಲಿನ ಹಾಡುಗಳನ್ನು ಮಾತ್ರ, ತಿಥಿ ಮುಗಿದ ವಾರವೇ ನೀನು ಬರೆದ ಆ ಎಂಟು ಹಾಡುಗಳನ್ನು, ನಾಲ್ಕೇ ತಿಂಗಳಿಗೆ ನಾನೊಬ್ಬಳೇ ಏಣಿ ಹತ್ತಿ ತಂದೆ. ಅಜ್ಜಿ ಕೆಳಗೆ ನಿಂತು, “ಇನ್ನೂ ನೀರಾಡ್ತದೆ ಕಣೇ, ಬುಡು” ಅಂದಳು. ಕೇಳಲಿಲ್ಲ. ನಿನ್ನನ್ನೂ ಕೇಳಲಿಲ್ಲ. ಅವತ್ತೇ ನೆಟ್ಟಿಗೆ ಹಾಕಿಬಿಟ್ಟೆ.

ಕೊನೆಯ ಸಲ ಫೋನಿನಲ್ಲಿ ನೀನು ಬೈಯಲೂ ಇಲ್ಲ. “ನಮ್ಮವ್ವುನ್ನ ಸಂತೇಲಿ ಕೂರಿಸ್ಬುಟ್ಟೆಯಲ್ಲೇ ಯೋಗಿ” ಅಂದು ಇಟ್ಟುಬಿಟ್ಟೆ. ಆ ಮಾತು ಎದೆಯಲ್ಲಿ ಕೂತುಬಿಟ್ಟಿದೆ, ಅನ್ನ ಇಳಿಯುವುದಿಲ್ಲ.

ಯಾಕೆ ಹಾಗೆ ಮಾಡಿದೆ ಅಂತ ಭೀಮರಾಜು ಕೇಳಿದ. ಹೆಸರಿನ ಆಸೆ ಅಂದೆ, ನಂಬಿದ. ನೀನೂ ಹಾಗೇ ಅಂದುಕೋ.

ಗಿಟಾರ್ ಮಾರಿಬಿಟ್ಟೆಯಂತೆ, ಇನ್ನು ಒಂದು ಸಾಲೂ ಬರೆಯುವುದಿಲ್ಲ ಅಂದೆಯಂತೆ. ಅದೊಂದನ್ನು ನಾನು ತಡೆದುಕೊಳ್ಳಲಾರೆ. ಹಾಡುಗಳು ಚೆನ್ನಾಗಿವೆ ಶಶಿ, ಕೆಟ್ಟಿದ್ದು ನನ್ನ ಗಂಟಲು. ಕಿಬ್ಬನಹಳ್ಳಿಯ ಸುಷ್ಮಿತಾ ಚೆನ್ನಾಗಿ ಹಾಡುತ್ತಾಳೆ. ಎಂಟೂ ಹಾಡನ್ನು ಬರೆದು ಅವಳಿಗೆ ಕಳಿಸಿದ್ದೇನೆ, ನೀವೆಲ್ಲ ಸೇರಿ ಹೊಸದಾಗಿ ಮಾಡಿ. ಆದರೆ ನಾನು ಹಾಡಿರುವುದನ್ನು ತೆಗೆದುಹಾಕು ಅಂತ ಮಾತ್ರ ಹೇಳಬೇಡ. ಎಷ್ಟು ಜನ ಉಗಿದರೂ ಅದು ಅಲ್ಲೇ ಇರಲಿ.

ನಿನ್ನ,
ಯೋಗಿತಾ

ಮರೆತ ಮಾತು: ಇದನ್ನು ಬರೆಯಬಾರದು ಅಂತಿದ್ದೆ. ಗಂಟಲು ಸರಿಹೋದ ಮೇಲೆ ಇನ್ನೊಮ್ಮೆ ಹಾಡುವಿಯಂತೆ ಅಂತ ರೆಕಾರ್ಡಿಂಗ್ ದಿನ ನೀನು ಅಂದಿದ್ದೆ. ಸರಿಹೋಗುವುದಿಲ್ಲ, ಕ್ಯಾನ್ಸರ್. ಡಾಕ್ಟರು ಹೇಳಿದ ಮಾರನೆಯ ದಿನವೇ ನಾನು ಏಣಿ ಹತ್ತಿದ್ದು. ಅವ್ವನ ಹಾಡು ನನ್ನ ದನಿಯಲ್ಲಿ ಜನ ಕೇಳುವುದನ್ನು ಒಮ್ಮೆ ನೋಡಬೇಕಿತ್ತು. ಸೋಮವಾರ ಬೆಂಗಳೂರಿನಲ್ಲಿ ಧ್ವನಿಪೆಟ್ಟಿಗೆ ತೆಗೆಯುತ್ತಾರೆ. ಫೋನ್ ಮಾಡಬೇಡ, ನಿನಗೆ ಏನೂ ಕೇಳಿಸುವುದಿಲ್ಲ. ಭಾನುವಾರದೊಳಗೆ ಬಂದು ಹತ್ತಿರ ಕೂತರೆ, ಪಿಸುಮಾತಿನಲ್ಲಿ ನಿನ್ನ ಹೆಸರು ಹೇಳಲು ಇನ್ನೂ ಆಗುತ್ತದೆ.